ಪದ ಪರಿಚಯ: ಮಿರರ್ ಸೆಲ್ಫ್ ಪೋರ್ಟ್ರೇಟ್

ಕನ್ನಡಿಯಲ್ಲಿ ಕಾಣುವ ತನ್ನ ಬಿಂಬವನ್ನು ತಾನೇ ಫೋಟೋ ತೆಗೆದುಕೊಳ್ಳುವುದಕ್ಕೆ ಈ ಹೆಸರು. ಮದುವೆ ಛತ್ರದ ಕನ್ನಡಿ ಮುಂದೆ ನಿಂತು ತೆಗೆಯುವ ಸೆಲ್ಫಿಯೂ ಇದೇ ಅಲ್ವಾ? ಹೌದು, ಆದರೆ ಅಲ್ಲಿ ಕನ್ನಡಿಯನ್ನು ಯಾರೂ ನೋಡುವುದಿಲ್ಲ. ಇಲ್ಲಿ ಅದರ ಚೌಕಟ್ಟು, ಕಲೆ, ಮೇಲೆ ಕೂತ ಧೂಳು ಎಲ್ಲವೂ ಚಿತ್ರದ ಭಾಗ.

ಇದರ ಗುಟ್ಟು ನಮ್ಮ ಮಾತಿನಲ್ಲೇ ಇದೆ: ಕನ್ನಡಿಯೊಳಗಿನ ಗಂಟು. ಆ ಗಂಟು ಗಾಜಿನ ಮೇಲಿಲ್ಲ. ಕನ್ನಡಿಯ ಮುಂದೆ ಎಷ್ಟು ದೂರ ಇದೆಯೋ, ಹಿಂದೆ ಅಷ್ಟೇ ದೂರದಲ್ಲಿ ಇದ್ದಂತೆ ಕಾಣುತ್ತದೆ. ಕ್ಯಾಮೆರಾಗೂ ಅಷ್ಟೇ. ಕ್ಯಾಮೆರಾ ಹಿಡಿದು ಕನ್ನಡಿಯಿಂದ 1 ಮೀಟರ್ ದೂರ ನಿಂತರೆ, ಗಾಜಿಗೆ ಫೋಕಸ್ 1 ಮೀಟರ್, ನಿಮ್ಮ ಮುಖಕ್ಕೆ 2 ಮೀಟರ್.

ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆ ಜಗಲಿಯಲ್ಲಿ ಒಂದು ಹಳೇ ಕನ್ನಡಿ ಇದೆ. ವರ್ಷಾ ವರ್ಷಾ ಮಳೆಗಾಲದ ಥಂಡಿ ಹೀರಿ ಹಿಂದಿನ ಲೇಪ ಎದ್ದುಹೋಗಿ, ಅಂಚಿನಿಂದ ಕಪ್ಪು ಕಲೆ ಒಳಗೆ ಹಬ್ಬಿದೆ. ರಸ ಹೋದ ಕನ್ನಡಿ ಅಂತಾರೆ ಮನೆಯಲ್ಲಿ. ಲೆನ್ಸ್‌ನ ಕಿಂಡಿಯನ್ನು ಅಗಲವಾಗಿ ತೆರೆದು (ಎಫ್/1.8) ಆ ಕಲೆಗೆ ಫೋಕಸ್ ಮಾಡಿದರೆ ನನ್ನ ಮುಖ ಮಂಜಾಗುತ್ತದೆ. ಮುಖಕ್ಕೆ ಮಾಡಿದರೆ ಕಲೆ ಕರಗಿ, ಕೆನ್ನೆ ಮೇಲೆ ನೆರಳು ಬಿದ್ದ ಹಾಗಿರುತ್ತದೆ. ನನಗೆ ಈ ಎರಡನೆಯದೇ ಜಾಸ್ತಿ ಇಷ್ಟ. ಫ್ಲಾಶ್ ಮಾತ್ರ ಬೇಡ, ನೇರ ಲೆನ್ಸ್‌ಗೇ ವಾಪಸ್ ಹೊಡೆಯುತ್ತದೆ.

ಒಂದೇ ಕನ್ನಡಿ ಸಾಕು ಅಂತಲೂ ಇಲ್ಲ. ಇಲ್ಸೆ ಬಿಂಗ್ ಎಂಬ ಛಾಯಾಗ್ರಾಹಕಿ 1931ರಲ್ಲಿ ಎರಡು ಕನ್ನಡಿ ಬಳಸಿ, ಲೈಕಾ ಕ್ಯಾಮೆರಾ ಹಿಡಿದ ತನ್ನ ಎದುರು ಮುಖವನ್ನೂ ಪಕ್ಕದ ಮುಖವನ್ನೂ ಒಂದೇ ಫೋಟೋದಲ್ಲಿ ತಂದರು. ಎರಡು ಕನ್ನಡಿಯನ್ನು 90 ಡಿಗ್ರಿಗೆ, ಅಂಚಿಗೆ ಅಂಚು ತಾಗಿಸಿ ನಿಲ್ಲಿಸಿ ನೋಡಿ. ಮೂರು ಬಿಂಬ ಬರುತ್ತವೆ. ನಡುವಿನದರಲ್ಲಿ ಎಡ-ಬಲ ಅದಲುಬದಲಾಗಿರುವುದಿಲ್ಲ, ಅಂದರೆ ಬೇರೆಯವರಿಗೆ ನೀವು ಕಾಣುವ ಹಾಗೇ ಇರುತ್ತದೆ. ಓರೆ ಬೈತಲೆ ತೆಗೆಯುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಯಾರೋ ಬೇರೆಯವರು ಎದುರು ನಿಂತ ಹಾಗೆ ಅನ್ನಿಸಿಬಿಡುತ್ತದೆ.

ಇನ್ನೊಂದು, ಮಲೆನಾಡಿಗೇ ಹೇಳಿ ಮಾಡಿಸಿದ್ದು. ಮೋಡ ಕವಿದ ದಿನ ಅಂಗಳದಲ್ಲಿ ಕನ್ನಡಿಯನ್ನು ಆಕಾಶಕ್ಕೆ ಮುಖ ಮಾಡಿ ಮಲಗಿಸಿ ಬಗ್ಗಿ ನೋಡಿ. ಅಡಿಕೆ ಮರದ ತಲೆಗಳ ನಡುವೆ ನಿಮ್ಮದೂ ಒಂದು ತಲೆ. ಬಿಸಿಲಿದ್ದರೆ ಕಣ್ಣು ಕುಕ್ಕುತ್ತದೆ, ಮೋಡವೇ ಬೇಕು. ಹನಿ ಬಿದ್ದರೆ ಒರೆಸಬೇಡಿ, ಸುಮ್ನೆ ಆ ಹನಿಗೊಮ್ಮೆ ಫೋಕಸ್ ಹಾಕಿ ನೋಡಿ.