ಕಚೇರಿ ಬೆಳ್ಳಂದೂರಿನಲ್ಲಿ, ಗಡಿಯಾರ ಯಾರ ಕೈಯಲ್ಲಿ?

ಓದುಗರ ಪ್ರಶ್ನೆ: ನಮ್ಮ ಮನೆ ಬನಶಂಕರಿಯಲ್ಲಿ, ಮಗಳ ಕಚೇರಿ ಬೆಳ್ಳಂದೂರಿನಲ್ಲಿ. ವಾರಕ್ಕೆ ಮೂರು ದಿನ ರಾತ್ರಿ ಎಂಟೂವರೆಗೆ, ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ, ಕ್ಯಾಲಿಫೋರ್ನಿಯಾದವರೊಂದಿಗೆ ಅವಳ ಮೀಟಿಂಗ್ ಶುರುವಾಗುತ್ತದೆ. ಇಂಟರ್‌ನೆಟ್ ಬಂದ ಮೇಲೆ ದೂರ ಎನ್ನುವುದೇ ಇಲ್ಲ ಎನ್ನುತ್ತಾರಲ್ಲ, ಹಾಗಿದ್ದ ಮೇಲೆ ನಮ್ಮ ಮನೆಯ ಊಟದ ಹೊತ್ತನ್ನು ಅಲ್ಲಿಯವರು ಗೊತ್ತುಮಾಡುವುದೇಕೆ?

ಉತ್ತರ: ಬೇರೆ ಬೇರೆ ಮಾತುಗಳಲ್ಲಿ ಈ ಪ್ರಶ್ನೆಯನ್ನು ಬೆಂಗಳೂರಿನ ಅನೇಕ ತಾಯಂದಿರು ಕೇಳುತ್ತಾರೆ. ಸಂಪರ್ಕ ತಂತ್ರಜ್ಞಾನ ದೂರವನ್ನು ಅಳಿಸಿತು, ನಿಜ; ಆದರೆ ಭೂಮಿ ತಿರುಗುವುದನ್ನು ನಿಲ್ಲಿಸಲು ಅದಕ್ಕೆ ಆಗಲಿಲ್ಲ. ಹೀಗೆ ಉಳಿದುಹೋದ ಹಗಲು ರಾತ್ರಿಗಳ ವ್ಯತ್ಯಾಸವನ್ನು ಯಾರು ಹೊರಬೇಕೆಂಬುದು ತಂತಿಯಿಂದ ತೀರ್ಮಾನವಾಗುವ ಸಂಗತಿಯಲ್ಲ.

ಮೊದಲು ದೂರದ ಮಾತು. ಹಿಂದೆ ಅಮೆರಿಕದಿಂದ ಕರೆ ಬಂದಾಗ ಎರಡೂ ಕಡೆಯವರು ಒಟ್ಟಿಗೆ "ಹಲೋ" ಎಂದು, ಒಟ್ಟಿಗೇ ಸುಮ್ಮನಾಗಿ, ಮತ್ತೆ ಒಟ್ಟಿಗೇ ಶುರುಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿ ಕೆಳಗಿಳಿಯಲು ಮಾತಿಗೆ ಕಾಲು ಸೆಕೆಂಡು ಬೇಕಾಗುತ್ತಿತ್ತು, ಉತ್ತರಕ್ಕೆ ಇನ್ನೊಂದು ಕಾಲು. ಈಗ ಮಾತು ಸಾಗುವುದು ಸಮುದ್ರದ ತಳದಲ್ಲಿ ಹಾಸಿರುವ ಗಾಜಿನ ಎಳೆಗಳಲ್ಲಿ. ಅಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಆದ್ದರಿಂದ, ಸುತ್ತುಬಳಸಿನ ದಾರಿಯಲ್ಲಿ ಹೋದರೂ ಕ್ಯಾಲಿಫೋರ್ನಿಯಾ ತಲುಪುವಾಗ ಆಗುವ ವಿಳಂಬ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಸಮುದ್ರವೇ ಇಲ್ಲದ ನಮ್ಮ ಊರಿನ ಉದ್ಯೋಗ ನಿಂತಿರುವುದು ಮುಂಬೈ, ಚೆನ್ನೈ ತೀರಗಳಲ್ಲಿ ದಡ ಸೇರುವ ಈ ಕೇಬಲ್‌ಗಳ ಮೇಲೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ತುಂಡಾದಾಗ ಭಾರತದಲ್ಲಿ ಇಂಟರ್‌ನೆಟ್ ಕುಂಟತೊಡಗಿತ್ತು.

ಇನ್ನು ಹೊತ್ತಿನ ಮಾತು. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ: ಮೊದಮೊದಲು ಈ ವ್ಯತ್ಯಾಸ ನಮಗೆ ಅನುಕೂಲವೇ ಆಗಿತ್ತು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು ವಿದೇಶದ ಕಚೇರಿಗಳೊಂದಿಗೆ ಉಪಗ್ರಹ ಸಂಪರ್ಕ ಏರ್ಪಡಿಸಿಕೊಂಡಿತು. 1991ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳ ಕೈಗೂ ಎಟುಕಿಸಿತು. ಆಗ ಆ ಸಂಪರ್ಕದಲ್ಲಿ ಹೆಚ್ಚಾಗಿ ಹೋಗುತ್ತಿದ್ದದ್ದು ಮಾತಲ್ಲ, ಕಂಪ್ಯೂಟರಿನ ಕಡತ. ಇಲ್ಲಿಯ ಎಂಜಿನಿಯರ್ ಹಗಲೆಲ್ಲ ಕೆಲಸ ಮಾಡಿ ಸಂಜೆ ಕಳುಹಿಸಿದರೆ, ಅಮೆರಿಕದಲ್ಲಿ ಆಗಷ್ಟೇ ಕಚೇರಿಗೆ ಬಂದವನು ಅದನ್ನು ತೆರೆದು ನೋಡುತ್ತಿದ್ದ. ಅವನು ಸಂಜೆ ಕಂಡುಹಿಡಿದ ತಪ್ಪು ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಸಿಗುತ್ತಿತ್ತು. ಇಪ್ಪತ್ತನಾಲ್ಕು ಗಂಟೆ ಕೆಲಸ ನಡೆದರೂ ಯಾರೂ ನಿದ್ದೆಗೆಡಬೇಕಿರಲಿಲ್ಲ. ಕಡತಕ್ಕೆ ಕಾಯುವ ಗುಣವಿದೆ, ಕಾಗದದ ಹಾಗೆ.

ಮಾತಿಗೆ ಆ ಗುಣವಿಲ್ಲ. ಅದು ನಡೆಯಬೇಕಾದರೆ ಇಬ್ಬರೂ ಎಚ್ಚರವಾಗಿರಬೇಕು. 2000ದ ಆಸುಪಾಸಿನಲ್ಲಿ ಕಾಲ್ ಸೆಂಟರ್‌ಗಳು ಬಂದಾಗ ಇದು ಮೊದಲ ಸಲ ಊರಿಗೆಲ್ಲ ಗೊತ್ತಾಯಿತು. ಶಿಕಾಗೋದ ಗಿರಾಕಿ ತನ್ನ ಹಗಲಿನಲ್ಲಿ ಫೋನ್ ಮಾಡುತ್ತಾನೆ, ಎತ್ತುವವರಿಗೆ ಅದು ನಡುರಾತ್ರಿ. ಹೆಣ್ಣುಮಕ್ಕಳನ್ನು ರಾತ್ರಿ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ತಡೆಯುತ್ತಿದ್ದ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವನ್ನೂ ಈ ಉದ್ಯಮಕ್ಕಾಗಿ, ವಾಹನ ಮತ್ತು ಭದ್ರತೆಯ ಷರತ್ತುಗಳೊಂದಿಗೆ, ಸಡಿಲಿಸಬೇಕಾಯಿತು. ಬೆಳಗಿನ ಆರು ಗಂಟೆಗೆ ದರ್ಶಿನಿಯೊಂದರಲ್ಲಿ ವಾಕಿಂಗ್ ಮುಗಿಸಿ ಬಂದ ನಿವೃತ್ತರೂ, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ನೇತಾಡುತ್ತಿರುವ ಹುಡುಗರೂ ಒಂದೇ ಮೇಜಿಗೆ ಆತುಕೊಂಡು ನಿಂತು ಇಡ್ಲಿ ತಿನ್ನುವುದನ್ನು ನೋಡಿದ್ದೇನೆ. ಒಬ್ಬರಿಗೆ ಅದು ತಿಂಡಿ, ಇನ್ನೊಬ್ಬರಿಗೆ ರಾತ್ರಿಯ ಊಟ.

ನಿಮ್ಮ ಮಗಳ ಮೀಟಿಂಗೂ ಇದೇ ಜಾತಿಯದು. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಹನ್ನೆರಡೂವರೆ ಗಂಟೆಯ ಅಂತರವಿರುವಾಗ ಇಬ್ಬರಿಗೂ ಸುಖವಾದ ಗಳಿಗೆ ಪಂಚಾಂಗವನ್ನೆಲ್ಲ ಮಗುಚಿದರೂ ಸಿಗದು. ಯಾರಾದರೂ ಒಬ್ಬರು ತಮ್ಮ ಸಂಜೆಯನ್ನು ಬಿಟ್ಟುಕೊಡಬೇಕು, ಮತ್ತು ಸಾಮಾನ್ಯವಾಗಿ ಹಣ ಕೊಡುವವರು ಬಿಟ್ಟುಕೊಡುವುದಿಲ್ಲ. ಜರ್ಮನಿಯ ಕಂಪನಿಗೆ ಕೆಲಸ ಮಾಡುವ ಹುಡುಗಿಯ ಲ್ಯಾಪ್‌ಟಾಪೂ ತಂತಿಯೂ ನಿಮ್ಮ ಮಗಳದರಂಥವೇ. ಆದರೆ ಅಲ್ಲಿಯ ಅಂತರ ಮೂರೂವರೆ ನಾಲ್ಕೂವರೆ ಗಂಟೆಯದಾದ್ದರಿಂದ ಅವಳ ಮೀಟಿಂಗ್ ಮಧ್ಯಾಹ್ನ ಮುಗಿದು, ಊಟದ ಹೊತ್ತಿಗೆ ಅವಳು ಮನೆಯವರಿಗೆ ಸಿಗುತ್ತಾಳೆ. ಎರಡೂ ಕಡೆಯವರಿಗೆ ಸಮನಾದ ಅಧಿಕಾರವಿರುವ ಕೆಲವು ತಂಡಗಳಲ್ಲಿ ಪಾಳಿ ಹಾಕಿಕೊಳ್ಳುತ್ತಾರೆ: ಒಂದು ವಾರ ನಮ್ಮ ರಾತ್ರಿ ಎಂಟೂವರೆ, ಮರುವಾರ ನಮ್ಮ ಬೆಳಿಗ್ಗೆ ಏಳೂವರೆ, ಅಂದರೆ ಅಲ್ಲಿಯವರ ಸಂಜೆ ಏಳು. ಹಾಗಾಗಿ ಇದನ್ನು ಜಾಗತೀಕರಣದ ಹಣೆಬರಹ ಎಂದು ಒಪ್ಪಿಕೊಂಡುಬಿಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮಗಳು ಕೇಳಬಹುದಾದ ಪ್ರಶ್ನೆ ಇದು, ಕೇಳಿದರೆ ಅಸಭ್ಯತೆಯೂ ಅಲ್ಲ.

2020ರ ಮಾರ್ಚಿನ ಲಾಕ್‌ಡೌನ್ ನಂತರ ಈ ಮೀಟಿಂಗ್‌ಗಳು ಅಡುಗೆಮನೆಯವರೆಗೂ ಬಂದವು. ನನ್ನ ಪರಿಚಿತರ ಮನೆಯೊಂದರಲ್ಲಿ ಕುಕ್ಕರ್ ಮೂರನೆಯ ಸಲ ಕೂಗುವ ಮುಂಚೆ ತಾಯಿ ಸೌಟನ್ನು ಎತ್ತಿ ತೋರಿಸುತ್ತಾರೆ. ಮಗ ತಕ್ಷಣ ಮ್ಯೂಟ್ ಒತ್ತುತ್ತಾನೆ. ಸಾರಿಗೆ ಒಗ್ಗರಣೆ ಹಾಕುವುದನ್ನು ಅವನ ಮಾತು ಮುಗಿಯುವ ತನಕ ತಡೆದಿಟ್ಟುಕೊಳ್ಳುವುದು ಅವರಿಗೆ ಅಭ್ಯಾಸವಾಗಿಹೋಗಿದೆ. ಕ್ಯಾಮೆರಾ ಆಫ್ ಇದ್ದ ದಿನ ಅವನು ಮೊಸರನ್ನ ತಿನ್ನುತ್ತಲೇ ತಲೆಯಾಡಿಸುತ್ತಾನೆ, ಕಾಣದವರಿಗೆ.

ಮನರಂಜನೆಯ ಕಡೆ ಆದದ್ದು ಇದಕ್ಕೆ ತೀರಾ ವಿರುದ್ಧ. ಮೊದಲು ಧಾರಾವಾಹಿಗೆ ಗಂಟೆ ಗೊತ್ತಾಗಿರುತ್ತಿತ್ತು, ಆ ಹೊತ್ತಿಗೆ ಮನೆಮಂದಿಯೆಲ್ಲ ಟಿವಿ ಮುಂದೆ ಸೇರುತ್ತಿದ್ದರು. ಈಗ ಅದೇ ಧಾರಾವಾಹಿಯನ್ನು ಅವರವರ ಫೋನಿನಲ್ಲಿ ಅವರವರಿಗೆ ಬಿಡುವಾದಾಗ ನೋಡುತ್ತಾರೆ. ಒಮ್ಮೆ ದಾಖಲಾದದ್ದಕ್ಕೆ ಗಡಿಯಾರದ ಕಟ್ಟು ಕಳಚಿತು, ಮುಖಾಮುಖಿ ಮಾತಿಗೆ ಮಾತ್ರ ಇನ್ನಷ್ಟು ಬಿಗಿಯಾಯಿತು. ಮನೆಯವರೆಲ್ಲ ಒಟ್ಟಿಗೆ ಕೂರುವ ಹೊತ್ತು ಎರಡೂ ಕಡೆಯಿಂದ ಸವೆಯಿತು.

ಇದೇ ತಂತಿ ಕೆಲವೊಮ್ಮೆ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ ಎನ್ನದಿದ್ದರೆ ಉತ್ತರ ಏಕಪಕ್ಷೀಯವಾದೀತು. ಸಿಯಾಟಲ್‌ನ ಮೊಮ್ಮಗು ಶನಿವಾರ ರಾತ್ರಿ ಎಂಟಕ್ಕೆ ಮಲಗುವ ಮುನ್ನ ವಿಡಿಯೊ ಕರೆಯಲ್ಲಿ ಬಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಅಜ್ಜಿಯ ಸ್ನಾನ, ಪೂಜೆ ಮುಗಿದಿರುತ್ತದೆ. ಐಎಸ್‌ಡಿ ಕಾಲದಲ್ಲಿ ನಿಮಿಷ ಎಣಿಸಿ ಮಾತಾಡುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಆದರೆ ಈ ಕರೆಯ ಹೊತ್ತು ಕೂಡ ಬಹುಮಟ್ಟಿಗೆ ಮಗುವಿನ ನಿದ್ದೆಯ ಸಮಯ ನೋಡಿಕೊಂಡು ಅಲ್ಲಿಯವರು ಹೇಳಿದ್ದೇ ಆಗಿರುತ್ತದೆ. ಅಜ್ಜಿಯಂದಿರು ತಕರಾರು ಮಾಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಕೊನೆಯದಾಗಿ ಒಂದು ಉಪಯುಕ್ತ ವಿವರ. ಭಾರತದಲ್ಲಿ ಗಡಿಯಾರವನ್ನು ಹಿಂದೆಮುಂದೆ ಮಾಡುವ ಪದ್ಧತಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ. ನವೆಂಬರಿನ ಮೊದಲ ಭಾನುವಾರ ಅವರು ಒಂದು ಗಂಟೆ ಹಿಂದಕ್ಕೆ ಹೋಗುತ್ತಾರೆ. ಆಗ ಅವರ ಬೆಳಗಿನ ಎಂಟು ಗಂಟೆ ನಮ್ಮ ಎಂಟೂವರೆಯ ಬದಲು ಒಂಬತ್ತೂವರೆಗೆ ಬರುತ್ತದೆ. ಅಂದಿನಿಂದ ಮಾರ್ಚ್ ತಿಂಗಳ ಎರಡನೆಯ ಭಾನುವಾರದವರೆಗೆ ನೀವು ಎಂಟೂವರೆಗೇ ತಟ್ಟೆ ಇಡಬಹುದು. ಮಗಳು ಊಟಕ್ಕೆ ಕೂತಿರುತ್ತಾಳೆ.