ಕೋಲಾರದ ಕೆರೆ ವಿಯೆಟ್ನಾಂವರೆಗೆ ಹರಡಿದ ದಿನ

ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ಕಾಲೇಜು ಹುಡುಗ ಹುಡುಗಿಯರು ಸೇರಿ ತಮ್ಮ ಕೆರೆಯ ನಕ್ಷೆ ಮಾಡುತ್ತಿದ್ದರು. ಏರಿ, ತೂಬು, ಕೋಡಿ ಎಲ್ಲವನ್ನೂ ಫೋನಿನ ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡು ಬಂದು ಕ್ಯೂಜಿಐಎಸ್‌ಗೆ ಹಾಕಿದ್ದರು. ಕ್ಯೂಜಿಐಎಸ್ ಅಂದರೆ ನಕ್ಷೆ ಮಾಡುವ ಮುಕ್ತ ತಂತ್ರಾಂಶ. 2002ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಅದರ ಕೋಡ್ ನೋಡಬಹುದು, ತಿದ್ದಬಹುದು.

ಕೆರೆಯ ಅಂಚಿನಿಂದ 30 ಮೀಟರ್ ಬಿಟ್ಟು ಸುತ್ತಲೂ ಒಂದು ಗೆರೆ ಬೇಕಿತ್ತು. ಅದಕ್ಕೆ ಬಫರ್ ಅನ್ನುವ ಸಾಧನವಿದೆ. ಒಬ್ಬಳು 30 ಅಂತ ಹಾಕಿ ಬಟನ್ ಒತ್ತಿದಳು. "ಅಣ್ಣಾ, ಇಲ್ಲಿ ನೋಡಿ, ನಮ್ಮ ಕೆರೆ ಗೆರೆ ವಿಯೆಟ್ನಾಂ ತನಕ ಹೋಗಿದೆ!"

ಹೋಗಿತ್ತು ನಿಜ. ಪೂರ್ವಕ್ಕೆ ವಿಯೆಟ್ನಾಂ, ಪಶ್ಚಿಮಕ್ಕೆ ಯೆಮೆನ್. ಫೋನ್ ಕೊಡುವುದು ಅಕ್ಷಾಂಶ, ರೇಖಾಂಶ. ಅವುಗಳ ಅಳತೆ ಡಿಗ್ರಿಯಲ್ಲಿ. ಹಾಗಾಗಿ 30 ಅಂದಾಗ ತಂತ್ರಾಂಶ 30 ಡಿಗ್ರಿ ಅಂತ ತಿಳಿದುಕೊಂಡಿತು. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108 ಕಿಲೋಮೀಟರ್.

ಅವಳ ಪಕ್ಕದಲ್ಲೇ ನಾವು ಕನ್ನಡದಲ್ಲಿ ಬರೆದಿದ್ದ ಕೈಪಿಡಿ ಇತ್ತು. ಉತ್ತರವೂ ಅದರಲ್ಲಿತ್ತು. ಆದರೆ ನಾವು ಮೆನು ಹೇಗಿದೆಯೋ ಅದೇ ಕ್ರಮದಲ್ಲಿ ಬರೆದಿದ್ದೆವು. ಡಿಗ್ರಿ, ಮೀಟರ್ ವಿಷಯ ಮೊದಲನೆಯ ಮೆನುವಾದ ಪ್ರಾಜೆಕ್ಟ್ ಅಧ್ಯಾಯದಲ್ಲಿ. ಬಫರ್ ಎಷ್ಟೋ ಪುಟ ಆಚೆ, ವೆಕ್ಟರ್ ಅಧ್ಯಾಯದಲ್ಲಿ. ಕೆರೆ ಗೆರೆ ಎಳೆಯಲು ಕೂತವರು ಮೊದಲ ಅಧ್ಯಾಯವನ್ನು ಯಾಕೆ ತೆರೆಯುತ್ತಾರೆ?

ಈ ಪ್ರಶ್ನೆಯನ್ನು 1980ರ ದಶಕದಲ್ಲೇ ಐಬಿಎಂ ಸಂಶೋಧಕ ಜಾನ್ ಕ್ಯಾರೊಲ್ ಹಿಡಿದು ನೋಡಿದ್ದರು. ಕಂಪ್ಯೂಟರ್ ಹೊಸದಾಗಿ ಕಲಿಯುವವರ ಪಕ್ಕದಲ್ಲಿ ಕೂತು ಗಮನಿಸಿದರು. ಜನ ಕೈಪಿಡಿಯನ್ನು ಮೊದಲಿಂದ ಓದುವುದೇ ಇಲ್ಲ. ಕೆಲಸಕ್ಕೆ ಕೈ ಹಾಕುತ್ತಾರೆ, ಎಡವುತ್ತಾರೆ, ಆಮೇಲೆ ಹುಡುಕುತ್ತಾರೆ. ಕ್ಯಾರೊಲ್ ಇದನ್ನು ಓದುಗರ ಸೋಮಾರಿತನ ಅನ್ನಲಿಲ್ಲ. ಕೈಪಿಡಿಯನ್ನು ತೆಳ್ಳಗೆ ಮಾಡಿ, ನಿಜವಾದ ಕೆಲಸಗಳ ಸುತ್ತ ಬರೆಯಿರಿ, ಎಡವಿದಾಗ ಎದ್ದು ನಿಲ್ಲುವ ದಾರಿ ಕೊಡಿ ಅಂದರು. ಅವರ ಮಾತಿನಲ್ಲಿರುವ ಆ ಗೌರವ ನನಗೆ ತುಂಬಾ ಇಷ್ಟ.

ಈಚೆಗೆ ಡ್ಯಾನಿಯೆಲೆ ಪ್ರೊಚಿಡಾ ಎಂಬುವರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ಅವರ ವಿಧಾನದ ಹೆಸರು ಡಯಾಟಾಕ್ಸಿಸ್. ಕೈಪಿಡಿಯ ಹತ್ತಿರ ಜನ ನಾಲ್ಕು ಬೇರೆ ಬೇರೆ ಹೊತ್ತಿನಲ್ಲಿ ಬರುತ್ತಾರೆ: ಮೊದಲ ಸಲ ಕಲಿಯಲು, ಕೆಲಸದ ನಡುವೆ ಸಿಕ್ಕಿಕೊಂಡಾಗ, ಒಂದು ವಿವರ ಖಚಿತ ಮಾಡಿಕೊಳ್ಳಲು, ಮತ್ತೆ ಬಿಡುವಾಗಿ 'ಯಾಕೆ ಹೀಗೆ' ಅಂತ ತಿಳಿಯಲು. ನಾಲ್ಕಕ್ಕೂ ಬೇರೆ ಬೇರೆ ಬರಹ ಬೇಕು, ಬೆರೆಸಿದರೆ ನಾಲ್ಕೂ ಕೆಡುತ್ತವೆ ಅನ್ನುತ್ತಾರೆ ಅವರು. ಸುಮ್ನೆ ಕೇಳಿದರೆ ಸಣ್ಣ ಮಾತು. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ.

78 ಡಿಗ್ರಿ ರೇಖಾಂಶ ಕೋಲಾರ ಜಿಲ್ಲೆಯ ಒಳಗೇ ಹಾದುಹೋಗುತ್ತದೆ. ಮೀಟರ್‌ನಲ್ಲಿ ಅಳೆಯಲು ಬಳಸುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿಗೊಂದರಂತೆ 60 ಪಟ್ಟಿಗಳಾಗಿ ಸೀಳಿದ್ದಾರೆ. ದುಂಡಗಿನ ಭೂಮಿಯನ್ನು ಒಂದೇ ಚಪ್ಪಟೆ ಹಾಳೆಯಲ್ಲಿ ಹಾಸಿದರೆ ಅಳತೆ ತೀರಾ ಎಳೆದಾಡುತ್ತದೆ. ಸಣ್ಣ ಪಟ್ಟಿ ಮಾಡಿಕೊಂಡರೆ ತಪ್ಪು ಕಮ್ಮಿ. 78ರ ಪಶ್ಚಿಮಕ್ಕೆ 43ನೇ ಪಟ್ಟಿ, ಪೂರ್ವಕ್ಕೆ 44. ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 43ರಲ್ಲಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ 44ರಲ್ಲಿ. ಪ್ರತಿ ಪಟ್ಟಿಯೂ ಪೂರ್ವಕ್ಕೆ ಎಷ್ಟು ದೂರ ಅನ್ನುವುದನ್ನು ತನ್ನದೇ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 78ರ ಗೆರೆಯ ಮೇಲೆ ನಿಂತರೆ ಒಂದೇ ಜಾಗಕ್ಕೆ 43ರಲ್ಲಿ ಪೂರ್ವದ ಅಂಕಿ ಸುಮಾರು 825 ಕಿಲೋಮೀಟರ್, 44ರಲ್ಲಿ ಸುಮಾರು 175. 44ರ ಅಂಕಿಗಳಿಗೆ 43 ಅಂತ ಹೆಸರು ಕೊಟ್ಟುಬಿಟ್ಟರೆ ಕೋಲಾರದ ಕೆರೆ ಅರಬ್ಬೀ ಸಮುದ್ರದಲ್ಲಿ ತೇಲುತ್ತದೆ!

ಇದೆಲ್ಲ ಓದಲು ಚೆಂದ, ಅಲ್ವಾ? ಆದರೆ ಗೆರೆ ವಿಯೆಟ್ನಾಂಗೆ ಹೋಗಿ ಗಾಬರಿಯಾದ ಹುಡುಗಿಗೆ ಆ ಹೊತ್ತಿನಲ್ಲಿ ಇದು ಬೇಡ. ಅವಳಿಗೆ ಬೇಕಾದ್ದು ಮೂರು ಸಾಲು. ಅಂಕಿಗಳನ್ನು ಡಿಗ್ರಿಯಿಂದ ಮೀಟರಿಗೆ ಬದಲಿಸುವ ರೀಪ್ರೊಜೆಕ್ಟ್ ಲೇಯರ್ ಸಾಧನ ತೆರೆಯಿರಿ. 44ನೇ ಪಟ್ಟಿಯ ಸಂಕೇತ ಸಂಖ್ಯೆಯಾದ ಇಪಿಎಸ್‌ಜಿ 32644 ಆರಿಸಿ. ಹೊಸದಾಗಿ ಬಂದ ಲೇಯರ್‌ಗೆ, ಅಂದರೆ ನಕ್ಷೆಯ ಪದರಕ್ಕೆ, ಬಫರ್ ಹಾಕಿ. ಜೊತೆಗೆ ಒಂದು ಎಚ್ಚರಿಕೆ: ಸೆಟ್ ಲೇಯರ್ ಸಿಆರ್‌ಎಸ್ ಬಳಸಬೇಡಿ. ಅದು ಅಂಕಿಗಳನ್ನು ಬದಲಿಸುವುದಿಲ್ಲ, ಹೆಸರು ಮಾತ್ರ ಬದಲಿಸುತ್ತದೆ. ರಾಗಿ ಮೂಟೆಗೆ ಭತ್ತ ಅಂತ ಚೀಟಿ ಅಂಟಿಸಿದ ಹಾಗೆ. ಎಷ್ಟೋ ಜನ ಎಡವುವುದು ಇಲ್ಲೇ.

ಮೊದಲ ಪಾಠಕ್ಕಂತೂ ಪಟ್ಟಿಯ ಮಾತೇ ಬೇಡ. ಒಂದು ಕೆರೆಯ ಸಿದ್ಧ ಫೈಲ್ ಕೊಡಿ, ಆಯ್ಕೆಗಳನ್ನೆಲ್ಲ ನೀವೇ ಮಾಡಿಕೊಡಿ. ಕೊನೆಗೆ ಕಲಿಯುವವರ ಕಣ್ಣೆದುರು ಒಂದು ನಕ್ಷೆ ಬಂದರೆ ಸಾಕು. ಇನ್ನು ಯಾವ ಪಟ್ಟಿಗೆ ಯಾವ ಸಂಖ್ಯೆ ಅನ್ನುವುದಕ್ಕೆ ಒಂದು ಕೋಷ್ಟಕ ಸಾಕು, ಮಾತು ಬೇಕಿಲ್ಲ. ಕ್ಯೂಜಿಐಎಸ್‌ನವರ ಮೂಲ ಕೈಪಿಡಿಗಳೂ ಹೀಗೇ ಬೇರೆ ಬೇರೆಯಾಗಿವೆ: ಪರಿಕಲ್ಪನೆ ತಿಳಿಸುವ ಪುಸ್ತಕ ಒಂದು, ಅಭ್ಯಾಸಕ್ಕೆ ಒಂದು, ಬಳಸುವಾಗ ನೋಡಿಕೊಳ್ಳಲು ದೊಡ್ಡದೊಂದು.

ನಮ್ಮ ಕಡೆ ಕೆರೆಗೆ ನೀರುಗಂಟಿ ಇರುತ್ತಿದ್ದ. ಯಾವ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲಾ ಅವನ ತಲೆಯಲ್ಲಿ. ತೂಬು ಎಲ್ಲಿ ಕಟ್ಟಿಕೊಳ್ಳುತ್ತದೆ ಅನ್ನುವುದೂ ಅವನಿಗೇ ಗೊತ್ತು. ಮುಕ್ತ ತಂತ್ರಾಂಶದಲ್ಲೂ ಇಂಥ ನೀರುಗಂಟಿಗಳಿದ್ದಾರೆ. ಬಿಡುವಿನಲ್ಲಿ ದುಡಿಯುವವರು, ಒಂದು ದಿನ ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರ ಜೊತೆ ತಿಳಿವಳಿಕೆಯೂ ಹೋಗುತ್ತದೆ. ಯುನಿಕ್ಸ್ ಅನ್ನುವ ಕಂಪ್ಯೂಟರ್ ನಡೆಸುವ ತಂತ್ರಾಂಶಕ್ಕೆ 1971ರ ನವೆಂಬರ್‌ನಲ್ಲಿ ಬಂದ ಮೊದಲ ಕೈಪಿಡಿಯಲ್ಲಿ ಒಂದು ಒಳ್ಳೆ ರೂಢಿ ಇತ್ತು. ಆಜ್ಞೆಗಳನ್ನು ವಿವರಿಸುತ್ತಾ 'ಬಗ್ಸ್' ಅನ್ನುವ ತಲೆಬರಹದ ಕೆಳಗೆ ಇದರಲ್ಲಿ ಏನು ಸರಿಯಿಲ್ಲ ಅಂತಲೂ ಬರೆಯುತ್ತಿದ್ದರು. ತೂಬು ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ನೀರುಗಂಟಿಯೇ ಬರೆದಿಟ್ಟ ಹಾಗೆ.

ನಾವು ಕೈಪಿಡಿಯನ್ನು ಬಿಚ್ಚಿ ಮತ್ತೆ ಜೋಡಿಸಿದೆವು. ಅಧ್ಯಾಯಗಳಿಗಿಂತ ತಲೆಬರಹ ಬದಲಿಸುವುದೇ ಜಾಸ್ತಿ ಕಷ್ಟವಾಯಿತು. ನಾವು 'ನಿರ್ದೇಶಾಂಕ ಪದ್ಧತಿಯ ಪರಿವರ್ತನೆ' ಅಂತ ಬರೆದಿದ್ದೆವು. ಸಿಕ್ಕಿಕೊಂಡ ಯಾರೂ ಆ ಮಾತಿನಲ್ಲಿ ಹುಡುಕುವುದಿಲ್ಲ. ಹೊಸ ತಲೆಬರಹ ಆ ಹುಡುಗಿಯೇ ಕೊಟ್ಟಳು: 'ಬಫರ್ ಹಾಕಿದರೆ ಗೆರೆ ಎಲ್ಲೋ ಹೋಯಿತು, ಏನು ಮಾಡಲಿ?'

ಆ ಪುಟವನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಹೋದ ವಾರ ಮಾಲೂರಿನ ಹುಡುಗನೊಬ್ಬ ಕೇಳಿದ್ದ, ನಮ್ಮದು 43ಆ 44ಆ ಅಂತ. ಮಾಲೂರು ಪಟ್ಟಣ 78ಕ್ಕೆ ಸ್ವಲ್ಪ ಪಶ್ಚಿಮಕ್ಕಿದೆ. ಸಂಜೆಯೊಳಗೆ ಅವಳು ಪುಟಕ್ಕೆ ಒಂದು ಸಾಲು ಸೇರಿಸಿದ್ದಳು: 'ಮಾಲೂರು ಪಟ್ಟಣದವರು 32643 ಹಾಕಿ.'