ಡಾರ್ನಾಲ್ಡ್ ವಿನಿಮಯ: ಪಿಕ್‌ಗಿಂತ ದುಬಾರಿಯಾದ ಐದನೇ ವರ್ಷ

2021ರ ಏಪ್ರಿಲ್ 5ರಂದು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಕೆರೊಲಿನಾ ಪ್ಯಾಂಥರ್ಸ್ ತಂಡ ನ್ಯೂಯಾರ್ಕ್ ಜೆಟ್ಸ್‌ನಿಂದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವನು) ಸ್ಯಾಮ್ ಡಾರ್ನಾಲ್ಡ್‌ನನ್ನು ತಂದುಕೊಂಡಾಗ ಚರ್ಚೆಯೆಲ್ಲ ಕೊಟ್ಟ ಡ್ರಾಫ್ಟ್ ಪಿಕ್‌ಗಳ (ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ವಾರ್ಷಿಕ ಡ್ರಾಫ್ಟ್‌ನ ಆಯ್ಕೆ ಹಕ್ಕುಗಳ) ಬಗ್ಗೆಯೇ ನಡೆಯಿತು: ಆ ವರ್ಷದ ಆರನೇ ಸುತ್ತಿನದು, ಮರುವರ್ಷದ ಎರಡನೇ ಮತ್ತು ನಾಲ್ಕನೇ ಸುತ್ತಿನವು. 2018ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾಗಿದ್ದ 23ರ ಹುಡುಗನಿಗೆ ಅದು ವಿಪರೀತ ಬೆಲೆಯೇನಲ್ಲ. ತಂಡ ಕೈ ಸುಟ್ಟುಕೊಂಡದ್ದು ಬೇರೆ ಕಡೆ.

ಮೊದಲ ಸುತ್ತಿನ ಆಟಗಾರನ ಮೊದಲ ಕರಾರು ನಾಲ್ಕು ವರ್ಷದ್ದು. ಐದನೇ ವರ್ಷಕ್ಕೂ ಅವನು ಬೇಕೇ ಎಂಬುದನ್ನು ಮೂರನೇ ಸೀಸನ್ ಮುಗಿದ ಮೇಲೆ, ಮೇ ತಿಂಗಳ ಆರಂಭದೊಳಗೆ ತಂಡ ತಿಳಿಸಬೇಕು. ಹಿಂದೆ ಆ ಹಣಕ್ಕೆ ಗಾಯದ ಮಟ್ಟಿಗಷ್ಟೇ ಖಾತ್ರಿಯಿತ್ತು. ಆಟ ಹಿಡಿಸದಿದ್ದರೆ ಬಿಟ್ಟುಬಿಡಬಹುದಿತ್ತು. 2020ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಕಾರ್ಮಿಕ ಒಪ್ಪಂದದ ನಂತರ, 2018ರ ಡ್ರಾಫ್ಟ್‌ನವರಿಂದ ಶುರುವಾಗಿ, ತಂಡ ಹೂಂ ಎಂದರೆ ಹಣ ಪೂರ್ತಿ ಖಾತ್ರಿ. ಡಾರ್ನಾಲ್ಡ್‌ನ 2021ರ ಸಂಬಳ ಸುಮಾರು 48 ಲಕ್ಷ ಡಾಲರ್ ಅಷ್ಟೇ. ಕರಾರಿಗೆ ಸಹಿ ಹಾಕಿದಾಗ ಕೊಟ್ಟ ಸೈನಿಂಗ್ ಬೋನಸ್‌ನ ಬಾಕಿ ಭಾಗ ಜೆಟ್ಸ್‌ನ ಸಂಬಳ ಮಿತಿಯ (ತಂಡವೊಂದು ವರ್ಷಕ್ಕೆ ಸಂಬಳಕ್ಕೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತದ) ಲೆಕ್ಕದಲ್ಲೇ ಉಳಿಯಿತು. ಕೊಳ್ಳುವವರಿಗೆ ಇಷ್ಟು ಅಗ್ಗವಾಗಿದ್ದ ವ್ಯವಹಾರದಲ್ಲಿ, ಅವನು ಹೊಸ ಜೆರ್ಸಿಯಲ್ಲಿ ಒಂದು ಪಾಸ್ ಎಸೆಯುವ ಮೊದಲೇ ಪ್ಯಾಂಥರ್ಸ್ 2022ಕ್ಕೆ 1.88 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಒಪ್ಪಿಕೊಂಡಿತು.

ಆಟದ ಪರೀಕ್ಷೆ ಇದಕ್ಕಿಂತ ಕಷ್ಟದ್ದು. ಜೆಟ್ಸ್‌ನಲ್ಲಿ 38 ಪಂದ್ಯ, 45 ಟಚ್‌ಡೌನ್ (ಅಂಕ ತಂದ) ಪಾಸ್, 39 ಇಂಟರ್ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್). ತಪ್ಪು ಹುಡುಗನದೋ ಸುತ್ತಲಿನವರದೋ ಎಂದು ಈ ಅಂಕಿಗಳು ಹೇಳವು. ವಿಡಿಯೋಗಳನ್ನು ಎರಡು ರಾಶಿ ಮಾಡಬೇಕು: ಎದುರಾಳಿ ಮೈಮೇಲೆ ಬಂದವು, ಪಾಕೆಟ್ (ಎಸೆಯಲು ಅವನ ಸುತ್ತ ಕಾವಲಿನವರು ಕಾಯುವ ಜಾಗ) ಶುಭ್ರವಾಗಿದ್ದವು. ಎರಡನೆಯದನ್ನೇ ಮೊದಲು ನೋಡಿ. ಅಲ್ಲೂ ಹಿಂಗಾಲ ಮೇಲೆ ಭಾರ ಬಿಟ್ಟು ಎಸೆಯುತ್ತಿದ್ದರೆ, ಮೊದಲ ರಿಸೀವರ್ (ಪಾಸ್ ಹಿಡಿಯುವವನು) ಸಿಗದಾಗ ಎರಡನೆಯವನನ್ನು ಹುಡುಕದೆ ಓಡುತ್ತಿದ್ದರೆ, ಕೆಟ್ಟ ಲೈನ್ (ಅವನನ್ನು ಕಾಯುವ ಮುಂಸಾಲು) ಕಲಿಸಿದ ಭಯ ಅಭ್ಯಾಸವಾಗಿ ಇಳಿದಿದೆ ಎಂದರ್ಥ. ಕಣ್ಣು ರಿಸೀವರ್ ಬಿಟ್ಟು ನುಗ್ಗಿ ಬರುವವರ ಕಡೆ ಹೋಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ಸ್ ಎದುರು 33-0ಯಿಂದ ಸೋತ ರಾತ್ರಿ ನಾಲ್ಕು ಇಂಟರ್ಸೆಪ್ಷನ್ ಕೊಟ್ಟ ಡಾರ್ನಾಲ್ಡ್, ತನಗೆ ದೆವ್ವಗಳು ಕಾಣುತ್ತಿವೆ ಎಂದದ್ದು ಮೈಕ್‌ನಲ್ಲಿ ಸಿಕ್ಕಿಬಿದ್ದಿತ್ತು. ತಂಡ ಬದಲಾದ ಮಾತ್ರಕ್ಕೆ ಇದು ಹೋಗುವುದಿಲ್ಲ. ಬೆಂಚಿನಲ್ಲಿ ಕೂತು ಕಾಲಿನ ಲಯ ಸರಿಪಡಿಸಿಕೊಳ್ಳಲು ಒಂದು ಸೀಸನ್ನೇ ಬೇಕಾಗಬಹುದು.

ಪ್ಯಾಂಥರ್ಸ್ ಆ ಸಮಯ ಕೊಡಲಿಲ್ಲ. ಮೊದಲ ಮೂರೂ ಪಂದ್ಯ ಗೆದ್ದದ್ದು ನಿಜ. ಆದರೆ ಮೂರನೆಯದರಲ್ಲೇ ಚೆಂಡು ಹಿಡಿದು ಓಡುವ ಆಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ ತೊಡೆಯ ಸ್ನಾಯು ನೋವಿನಿಂದ ಹೊರನಡೆದ, ಲೈನ್ ಕುಸಿಯಿತು, ಹಳೆಯ ಅಭ್ಯಾಸ ಮರಳಿತು. ಡಾರ್ನಾಲ್ಡ್ ಆರಂಭಿಸಿದ 11 ಪಂದ್ಯಗಳಲ್ಲಿ ಗೆಲುವು 4; ಟಚ್‌ಡೌನ್ ಪಾಸ್ 9, ಇಂಟರ್ಸೆಪ್ಷನ್ 13. ಮರುವರ್ಷ ಜುಲೈನಲ್ಲಿ ಅದೇ ತಂಡ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ನನ್ನೂ ತಂದಿತು. ಡಾರ್ನಾಲ್ಡ್‌ನ ಖಾತ್ರಿ ಹಣ ಮಾತ್ರ ಕದಲುವಂತಿರಲಿಲ್ಲ.

2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್‌ಗಾಗಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮಾಡಿದ ಕರಾರು ನನಗೆ ಹೆಚ್ಚು ಸರಿ ಎನಿಸುತ್ತದೆ. ಕೊಟ್ಟದ್ದು ಆರನೇ ಸುತ್ತಿನ ಪಿಕ್. ಅವನು ಶೇ 51ರಷ್ಟು ಸ್ನ್ಯಾಪ್ (ಚೆಂಡು ಚಲಿಸಿ ಶುರುವಾಗುವ ಒಂದೊಂದು ಸರದಿ) ಆಡಿದರೆ ಅದು ನಾಲ್ಕನೇ ಸುತ್ತಿನದಾಗಬೇಕಿತ್ತು. ಐದನೇ ವರ್ಷಕ್ಕೆ ಸ್ಟೀಲರ್ಸ್ ಒಪ್ಪಲಿಲ್ಲ. ಆರು ಪಂದ್ಯ ಆರಂಭಿಸಿ ನಾಲ್ಕು ಗೆದ್ದ ಅವನು ಮರುವರ್ಷ ಜೆಟ್ಸ್‌ಗೆ ಹೋದ. ಹಾಗೆ ಕಳೆದುಕೊಳ್ಳುವ ಅಪಾಯವೇ ಈ ದಾರಿಯ ಬೆಲೆ, ಅದು ಸಣ್ಣದಲ್ಲ.

ಡಾರ್ನಾಲ್ಡ್ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬದಲಿ ಆಟಗಾರನಾಗಿ ಕೂತ. 2024ರಲ್ಲಿ ಒಂದು ಕೋಟಿ ಡಾಲರ್‌ನ ಒಂದು ವರ್ಷದ ಕರಾರಿನ ಮೇಲೆ ಮಿನೆಸೋಟ ವೈಕಿಂಗ್ಸ್ ಸೇರಿ, ಕೆವಿನ್ ಓಕಾನೆಲ್ ತರಬೇತಿಯಲ್ಲಿ 35 ಟಚ್‌ಡೌನ್ ಪಾಸ್ ಎಸೆದು 14 ಪಂದ್ಯ ಗೆಲ್ಲಿಸಿದ. ಅವನಿಗಾಗಿ ಆ ತಂಡ ಒಂದು ಪಿಕ್ಕನ್ನೂ ಕೊಟ್ಟಿರಲಿಲ್ಲ.